ಗುರ್ ಅಂದಿದ್ದಕ್ಕೆ ನಾಯಿಗೆ ಹೊಡೀಬೇಡಿ

ಹೋದ ವರ್ಷ ತೆಂಗಿನಕಾಯಿ ಕೆಡವಿಸಿದ ದಿನ ನಮ್ಮ ಕರಿಯ ಒಂದು ಮರಿಯನ್ನ ಕೊಂದ. ಐದು ವರ್ಷದಿಂದ ತೋಟದ ಮನೇಲಿರೋ ಗಂಡು ನಾಯಿ. ರಾತ್ರಿ ಹಂದಿ ಬಂದ್ರೆ ಮೊದಲು ಬೊಗಳೋದು ಅವನೇ. ಮರಿ ಇನ್ನೂ ಒಂದು ತಿಂಗಳದ್ದು, ತಂದು ಐದನೇ ದಿನ. ಕಾಯಿ ಕೀಳೋರಿಗೆ ಕೋಳಿ ಸಾರು ಮಾಡಿದ್ವಿ. ಊಟ ಮುಗಿಸಿ ಯಾರೋ ಮೂಳೆ ಎಸೆದ್ರು, ಮರಿ ಓಡಿಹೋಗಿ ಬಾಯಿ ಹಾಕ್ತು. ಕರಿಯ ಕುತ್ತಿಗೆ ಹಿಡಿದು ಒದರಿಬಿಟ್ಟ. ಸಂಜೆಯೊಳಗೆ ಸತ್ತುಹೋಯ್ತು.

ಸಿಟ್ಟಲ್ಲಿ ದೊಣ್ಣೆ ತಗೊಂಡು ಹೊಡೆದೆ. ಅಲ್ಲಿದ್ದೋರು "ರಕ್ತದ ರುಚಿ ಹತ್ತಿದೆ ಕಣಣ್ಣ, ದೂರ ಎಲ್ಲಾದ್ರೂ ಬಿಟ್ಟು ಬಾ" ಅಂದ್ರು. ಬಿಡಲಿಲ್ಲ. ಯಾಕಂದ್ರೆ ರಾತ್ರಿ ಮಲಗಿ ಯೋಚನೆ ಮಾಡಿದಾಗ ತಪ್ಪು ನಂದೇ ಅನ್ನಿಸ್ತು.

ಗಂಡು ನಾಯಿ ಅಂದ್ರೆ ಮರಿ ಕೊಲ್ಲುತ್ತೆ ಅನ್ನೋ ಮಾತು ನಾನು ಒಪ್ಪಲ್ಲ. ಎಷ್ಟೋ ಗಂಡು ನಾಯಿಗಳು ಮರಿಗಳ ಕಾಟ ಸಹಿಸ್ಕೊಳ್ತವೆ. ಆದ್ರೆ ಹೊರಗಿಂದ ಬಂದ ಮರಿ ಅಂದ್ರೆ ಅವನ ಲೆಕ್ಕದಲ್ಲಿ ಊಟ, ಮಲಗೋ ಜಾಗ, ಯಜಮಾನ, ಮೂರರಲ್ಲೂ ಪಾಲು ಕೇಳೋಕೆ ಬಂದೋನು.

ಆ ನಾಲ್ಕು ದಿನವೂ ಮರಿ ತಟ್ಟೆ ಹತ್ರ ಬಂದಾಗೆಲ್ಲ ಕರಿಯ ಗುರ್ ಅಂದಿದ್ದ. ಪ್ರತಿ ಸಲವೂ ನಾನು ಅವನಿಗೇ ಏಟು ಕೊಟ್ಟಿದ್ದೆ. ಗುರ್ ಅನ್ನೋದು "ಹತ್ರ ಬರಬೇಡ" ಅನ್ನೋ ಎಚ್ಚರಿಕೆ. ಏಟು ತಿಂದು ಗುರ್ ಅನ್ನೋದು ಬಿಟ್ಟ, ಒಳಗಿನ ಸಿಟ್ಟು ಬಿಡಲಿಲ್ಲ. ಮರಿ ಬಂದ್ರೆ ಏಟು ಬೀಳುತ್ತೆ ಅಂತ ಬೇರೆ ಕಲಿತ. ಐದನೇ ದಿನ ಸದ್ದಿಲ್ಲದೆ ಬಾಯಿ ಹಾಕಿದ.

ಇನ್ನೊಂದು ತಪ್ಪು, ಒಂದು ತಿಂಗಳಿಗೇ ಮರಿ ತಂದಿದ್ದು. ಎರಡು ತಿಂಗಳಾದ್ರೂ ತಾಯಿ ಜೊತೆ ಇರಬೇಕು. ದೊಡ್ಡ ನಾಯಿ ಬೇಡ ಅಂದ್ರೆ ಹಿಂದೆ ಸರೀಬೇಕು ಅನ್ನೋದನ್ನ ಮರಿ ಕಲಿಯೋದು ತಾಯಿ, ಒಡಹುಟ್ಟಿದ ಮರಿಗಳ ಹತ್ರ.

ಈ ವರ್ಷ ಮತ್ತೆ ಮರಿ ತಂದೆ, ಎರಡು ತಿಂಗಳದ್ದು. ಮೊದಲ ವಾರ ನಡುವೆ ಜಾಲರಿ. ಇವನ ಗೋಣಿಚೀಲ ಅದಕ್ಕೆ, ಅದರದ್ದು ಇವನಿಗೆ ಹಾಸಿದೆ, ವಾಸನೆ ಪರಿಚಯ ಆಗ್ಲಿ ಅಂತ. ಆಮೇಲೆ ಮನೆ ಹತ್ರ ಅಲ್ಲ, ತೋಟದಾಚೆ ಬಯಲಲ್ಲಿ ಭೇಟಿ ಮಾಡಿಸಿದೆ. ಕರಿಯನ ತಟ್ಟೆ ಮನೆ ಮುಂದೆ, ಮರಿದು ಹಿತ್ತಲಲ್ಲಿ. ಇಬ್ಬರೂ ಬಿಚ್ಚಿರುವಾಗ ಮೂಳೆ ಹಾಕೋದೇ ಇಲ್ಲ. ಕಟ್ಟಿಹಾಕಿದ ನಾಯಿ ಹತ್ರ ಮರಿ ಬಿಡಲ್ಲ, ಪಾಪ ಅದಕ್ಕೆ ಎದ್ದು ಹೋಗೋಕೂ ಆಗಲ್ಲ. ನಾನಿಲ್ಲದಾಗ ಎರಡನ್ನೂ ಒಟ್ಟಿಗೆ ಬಿಡಲಿಲ್ಲ.

ಒಂದು ಸಲ ಗದರಿ, ಗಾಳಿಗೆ ಬಾಯಿ ಹಾಕಿ, ಮರಿ ಹಿಂದೆ ಸರಿದ ಕೂಡಲೇ ಸುಮ್ಮನಾದ್ರೆ ಅದು ಬುದ್ಧಿ ಹೇಳಿದ್ದು, ಬಿಡಿ. ಮೈ ಬಿಗಿ ಮಾಡಿ, ಕಣ್ಣು ನೆಟ್ಟು ನಿಂತ್ರೆ, ಓಡೋ ಮರಿಯನ್ನ ಅಟ್ಟಿಸ್ಕೊಂಡು ಹೋದ್ರೆ ತಕ್ಷಣ ಬೇರೆ ಮಾಡಿ. ಕೈ ಹಾಕಬೇಡಿ, ಒಂದು ಬಕೆಟ್ ನೀರು ಎರಚಿ. ನಾಲ್ಕೈದು ತಿಂಗಳಾದ ಮೇಲೆ ಮರಿ ಅನ್ನೋ ರಿಯಾಯಿತಿ ಕಡಿಮೆ ಆಗುತ್ತೆ, ಗಂಡು ಮರಿ ಆದ್ರೆ ಆಗ ಮತ್ತೆ ಹುಷಾರು. ಆಪರೇಷನ್ ಮಾಡಿಸಿದ್ರೂ ತಟ್ಟೆ ಜಗಳ ತಾನಾಗೇ ನಿಲ್ಲಲ್ಲ.

ಸಾಧು ನಾಯಿ ಇದ್ದಕ್ಕಿದ್ದಂಗೆ ಕಚ್ಚೋಕೆ ಶುರು ಮಾಡಿದ್ರೆ ಮಾತ್ರ ಬೇರೆ ವಿಷಯ. ಕಿವಿ ಹುಣ್ಣು, ಗಾಯದ ನೋವಿರಬಹುದು, ರೇಬೀಸೂ ಇರಬಹುದು. ದೂರ ಇದ್ದು ಪಶುವೈದ್ಯರಿಗೆ ಹೇಳಿ. ನಿಮಗೆ ಕಚ್ಚಿದ್ರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯೋ ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ.

ಈಗ ಆ ಮರಿ ಕರಿಯನ ಕಿವಿ ಕಚ್ಚಿ ಎಳೀತಿರುತ್ತೆ. ಸಾಕಾದಾಗ ಅವನು ಗುರ್ ಅಂತಾನೆ. ನಾನು ಅವನಿಗೆ ಏನೂ ಅನ್ನಲ್ಲ, ಮರಿಯನ್ನ ಎತ್ಕೊಂಡು ಆಚೆ ಹೋಗ್ತೀನಿ.