ಅಜ್ಜ ತೋಡಿದ ಕುಳಿ, ಮೊಮ್ಮಗ ತೋಡಿದ ಕುಳಿ

ಗಾಲ್ಫ್ ಆಟ ನಮ್ಮ ತಾಳವಾಡಿ ಸೀಮೆಯವರಿಗೆ ಯಾಕೆ ಅಂತ ಕೇಳಬೇಡಿ. ಹುಡುಗನಾಗಿದ್ದಾಗ ಎರಡು ವರ್ಷ ಊಟಿಯಲ್ಲಿ ಆಡೋರ ಚೀಲ ಹೊತ್ತಿದ್ದೀನಿ. ಅಷ್ಟು ಮಾತಾಡೋ ಹಕ್ಕು ನನಗೂ ಅದೆ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಲ್ಲಿ ಬಹಳ ಹಳೇ ಮೈದಾನ ಒಂದದೆ. ಅದರ 17ನೇ ಕುಳಿಗೆ ಆಡುವಾಗ ಮೊದಲ ಹೊಡೆತ ಎಲ್ಲಿ ಬೀಳ್ತದೆ ಅಂತ ಹೊಡೆಯೋನಿಗೇ ಕಾಣಲ್ಲ. ಹೋಟೆಲಿನ ಪಕ್ಕದ ಶೆಡ್ಡಿನ ಮೇಲೆ ಹಾರಿಸಬೇಕು. ಕುಳಿ ಇರುವ ಹುಲ್ಲಿನ ಹಿಂದೆಯೇ ರಸ್ತೆ, ರಸ್ತೆಯಾಚೆ ಕಲ್ಲುಗೋಡೆ. ಚೆಂಡು ರಸ್ತೆಗೆ ಬಿತ್ತೋ, ರಸ್ತೆ ಮೇಲಿಂದಲೇ ಹೊಡಿ! ಇನ್ನು 7 ಕಡೆ ಎರಡೆರಡು ಕುಳಿಗೆ ಒಂದೇ ಹುಲ್ಲುಹಾಸು. ಹೋಗೋರೂ ಬರೋರೂ ಎದುರುಬದುರು. ಇದನ್ನೆಲ್ಲ ಬಲ್ಲವರು ಕೈಮುಗಿದು ಹೊಗಳ್ತಾರೆ.

ಅಮೆರಿಕದ ಪೀಟ್ ಡೈ ಅನ್ನೋರು ಮೈದಾನ ಕಟ್ಟೋ ಕಸುಬಿನವರು. 1963ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಹಳೇ ಮೈದಾನಗಳನ್ನು ಸುತ್ತಿ ನೋಡಿ ಬಂದರು. ಪ್ರೆಸ್ಟ್‌ವಿಕ್‌ನಲ್ಲಿ ಮರಳುಗುಂಡಿಯ ದಡ ಕುಸಿಯದ ಹಾಗೆ ರೈಲಿನ ಮರದ ದಿಮ್ಮಿ ನಿಲ್ಲಿಸಿದ್ರಲ್ಲ, ಅದನ್ನೇ ತಮ್ಮ ಕೆಲಸಕ್ಕೆ ತಂದರು. 1980ರಲ್ಲಿ ಫ್ಲಾರಿಡಾದ ಸಾಗ್ರಾಸ್‌ನಲ್ಲಿ ಅವರ ಮೈದಾನ ಶುರುವಾಯಿತು. ಅಲ್ಲೂ 17ನೇ ಕುಳಿಯೇ ಹೆಸರುವಾಸಿ, ಹುಲ್ಲಿನ ಸುತ್ತ ನೀರು. 1982ರಲ್ಲಿ ದೊಡ್ಡ ಪಂದ್ಯ ನಡೆದಾಗ ಆಟಗಾರರು ಅನ್ಯಾಯ ಅಂತ ಗೊಣಗಿದರು. ಆಮೇಲೆ ಹುಲ್ಲುಹಾಸಿನ ಏರುತಗ್ಗು ತಗ್ಗಿಸಬೇಕಾಯ್ತು. ಗೆದ್ದ ಜೆರ್ರಿ ಪೇಟ್ ಅಂತೂ ಖುಷಿಗೆ ಡೈಯವರನ್ನೇ ನೀರಿಗೆ ತಳ್ಳಿದ. (ನಮ್ಮ ಊರಾಗಿದ್ರೆ ಪಂಚಾಯ್ತಿ ಸೇರ್ತಿತ್ತು.)

ಅದೇ ದಿಮ್ಮಿ ಅಲ್ಲಿ ಹಿರೀಕರ ಬುದ್ಧಿ, ಇಲ್ಲಿ ಗಿಮಿಕ್ಕಾ?

ಹಳೇದನ್ನು ಗಾಳಿ ಮಳೆ ಮಾಡಿದ್ದು, ಹೊಸದನ್ನು ಮನುಷ್ಯ ಮಾಡಿದ್ದು, ಅದಕ್ಕೆ ಅವನೇ ಜವಾಬು ಕೊಡಬೇಕು ಅಂತಾರೆ. ಸರಿ ಸ್ವಾಮಿ, ಆ ರಸ್ತೆ, ಗೋಡೆ, ಶೆಡ್ಡು ಯಾವ ಗಾಳಿ ಕಟ್ಟಿತು? ಡೈ ಮಾಡಿದ್ದೆಲ್ಲ ಚೆಂದ ಅಂತ ನಾನು ಹೇಳಲ್ಲ. ರಸ್ತೆಗೆ ಬಿದ್ದ ಚೆಂಡು ಇನ್ನೂ ಆಟದಲ್ಲಿರ್ತದೆ, ನೀರಿಗೆ ಬಿದ್ದದ್ದು ಹೋಯ್ತು, ಮೇಲೆ ಒಂದು ಹೊಡೆತದ ದಂಡ. ಈ ತಪ್ಪು ಹೇಳಿ, ಒಪ್ತೀನಿ. ಹೊಸದು ಅನ್ನೋದೇ ತಪ್ಪಾಗಬಾರದು.

ನಾನೂ ಸಾಚಾ ಅಲ್ಲ. ನನ್ನ ಗುರುಗಳು ಮಾದಪ್ಪನ ಪದದಲ್ಲಿ ತಾಳ ಬಿಟ್ಟರೆ ಅದು ಅವರ ಮಟ್ಟು ಅಂತಿದ್ದೆ. ಹೋದ ಶಿವರಾತ್ರಿಯಲ್ಲಿ ನನ್ನ ಮೊಮ್ಮಗ ಅದೇ ಜಾಗದಲ್ಲಿ ಬಿಟ್ಟ. ಎಲ್ಲರ ಮುಂದೆ ಬೈದೆ. ಅವತ್ತಿಂದ ಅವನು ಕಂಸಾಳೆ ಮುಟ್ಟಿಲ್ಲ.

ಮೈದಾನಕ್ಕೆ ಅಂಕ ಹಾಕೋರ ಮುಂದೆ ಊರು, ಇಸವಿ, ಕಟ್ಟಿದವರ ಹೆಸರು ಮುಚ್ಚಿ ಎರಡರ ನಕ್ಷೆಯನ್ನೂ ಇಡಲಿ. ಯಾವುದಕ್ಕೆ ಎಷ್ಟು ಹಾಕ್ತಾರೋ ನೋಡೇಬಿಡೋಣ.