ಇ20 ಪೆಟ್ರೋಲ್: ಮೈಲೇಜ್ ನಷ್ಟದ ಬಿಲ್ ಯಾರ ಹೆಸರಿಗೆ?

ಹಳೇ ಕಾರು ಇರೋ ಯಾರನ್ನಾದರೂ ಕೇಳಿ ನೋಡಿ, ಮೊದಲು ಬರೋ ದೂರು ಮೈಲೇಜ್‌ದೇ. ‘ಲೀಟರ್‌ಗೆ ಹದಿನೈದು ಕೊಡ್ತಿತ್ತು, ಈಗ ಹದಿಮೂರು ದಾಟಲ್ಲ’ ಅಂತ ಒಬ್ಬರು. ‘ನನ್ನದು ಹೊಸ ಗಾಡಿ, ಪಿಕಪ್ ಚೆನ್ನಾಗೇ ಇದೆ, ವ್ಯತ್ಯಾಸ ಏನೂ ಗೊತ್ತಾಗಿಲ್ಲ’ ಅಂತ ಇನ್ನೊಬ್ಬರು. ಶೇ. 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಂಕ್‌ಗಳಲ್ಲಿ ಮಾಮೂಲಾದ ಮೇಲೆ, 2025ರಿಂದ ಈ ವಾದ ಜೋರಾಗಿಯೇ ನಡೀತಿದೆ. ಇಬ್ಬರ ಮಾತಲ್ಲೂ ನಿಜ ಇದೆ.

ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇದೆ. ಆದರೆ ಆಕ್ಟೇನ್ ಜಾಸ್ತಿ. ಅದಕ್ಕೆ ತಕ್ಕಂತೆ ಹೊಂದಿಸಿದ ಎಂಜಿನ್ ನಷ್ಟವನ್ನು ಒಂದಿಷ್ಟು ತುಂಬಿಕೊಳ್ಳುತ್ತದೆ, ಹಳೇದಕ್ಕೆ ಅದು ಆಗಲ್ಲ. ಇದೇನು ಕಾರು ಮಾಲೀಕರು ಹುಟ್ಟಿಸಿದ ಗಾಳಿಸುದ್ದಿಯಲ್ಲ. 2021ರಲ್ಲಿ ನೀತಿ ಆಯೋಗದ ವರದಿಯೇ ಹಳೇ ವಿನ್ಯಾಸದ ಕಾರುಗಳಲ್ಲಿ ಶೇ. 6–7ರಷ್ಟು, ಇ20ಗೆ ಹೊಂದಿಸಿದ ಕಾರುಗಳಲ್ಲಿ ಶೇ. 1–2ರಷ್ಟು ಮೈಲೇಜ್ ಕುಸಿಯುತ್ತದೆ ಎಂದು ಹೇಳಿತ್ತು. ನಷ್ಟ ಸರಿದೂಗಿಸಲು ತೆರಿಗೆ ವಿನಾಯಿತಿಯ ಸಲಹೆಯೂ ಅದರಲ್ಲೇ ಇತ್ತು. 2030ರ ಗುರಿಯನ್ನು 2025ಕ್ಕೆ ಎಳೆದು ತಂದ ಸರ್ಕಾರ, ಈ ಸಲಹೆಯನ್ನು ಮಾತ್ರ ಅಲ್ಲೇ ಬಿಟ್ಟಿತು.

ಹಾಗಂತ ಶೇ. 20ರಷ್ಟು ಮೈಲೇಜ್ ಬಿದ್ದಿದೆ ಅನ್ನೋ ದೂರನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಬರೀ ಶಕ್ತಿಯ ಲೆಕ್ಕ ಹಿಡಿದರೆ ಇಳಿಕೆ ಶೇ. 7ರ ಆಸುಪಾಸು, ಅದೂ ಶುದ್ಧ ಪೆಟ್ರೋಲ್‌ಗೆ ಹೋಲಿಸಿದರೆ. ಅದಕ್ಕಿಂತ ಜಾಸ್ತಿ ಕಂಡರೆ ಟ್ರಾಫಿಕ್, ಎಸಿ, ಟೈರಿನ ಗಾಳಿ, ಸರ್ವೀಸ್ ಎಲ್ಲವನ್ನೂ ನೋಡಬೇಕು. ಎಲ್ಲ ರೋಗಕ್ಕೂ ಎಥೆನಾಲನ್ನೇ ದೂರಿದರೆ, ‘ಇದೆಲ್ಲ ಅಪಪ್ರಚಾರ’ ಅಂತ ತಳ್ಳಿಹಾಕೋದು ಸಚಿವಾಲಯಕ್ಕೂ ಸುಲಭ.

ಶೇ. 6 ಅಂದ್ರೆ ಎಷ್ಟು? ತಿಂಗಳಿಗೆ 1,000 ಕಿ.ಮೀ. ಓಡುವ, ಲೀಟರ್‌ಗೆ 15 ಕೊಡುವ ಕಾರಿಗೆ ನಾಲ್ಕು ಲೀಟರ್‌ಗಿಂತ ಹೆಚ್ಚು ಪೆಟ್ರೋಲ್ ಜಾಸ್ತಿ ಬೇಕು. ಲೀಟರ್‌ಗೆ ₹100 ಹಿಡಿದರೂ ವರ್ಷಕ್ಕೆ ಸುಮಾರು ₹5,000. ಸಚಿವಾಲಯದ ಬಾಯಲ್ಲಿ ಇದು ‘ಅಲ್ಪ’ ನಷ್ಟ. ಕೆಲವು ಹಳೇ ಗಾಡಿಗಳಲ್ಲಿ 20,000–30,000 ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗ ಬದಲಿಸಬೇಕಾಗಬಹುದು ಎಂದು ಒಪ್ಪಿಕೊಂಡದ್ದೂ ಅದೇ ಸಚಿವಾಲಯ. ಈ ಖರ್ಚು ಬೀಳೋದು ಶೋರೂಮಿಂದ ಹೊಸ ಗಾಡಿ ತಂದವರಿಗಲ್ಲ, ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ.

ಬ್ರೆಜಿಲ್‌ನಲ್ಲೂ ಪೆಟ್ರೋಲ್‌ಗೆ ಎಥೆನಾಲ್ ಬೆರೆಸುವುದು ಕಡ್ಡಾಯ. ಆದರೆ ಅಲ್ಲಿನ ಬಂಕ್‌ನಲ್ಲಿ ಎಥೆನಾಲ್‌ಗೆ ಬೇರೆ ಪಂಪ್, ಬೇರೆ ಬೆಲೆ ಇದೆ. ಎರಡೂ ಇಂಧನಕ್ಕೆ ಒಗ್ಗುವ ಕಾರಿನವರು, ಎಥೆನಾಲ್ ಬೆಲೆ ಪೆಟ್ರೋಲ್‌ನ ಶೇ. 70ಕ್ಕಿಂತ ಕಡಿಮೆ ಇದ್ದರೆ ಅದನ್ನು ಹಾಕಿಸ್ತಾರೆ. ನಮ್ಮಲ್ಲಿ ಎಥೆನಾಲ್ ಇಲ್ಲದ ಪೆಟ್ರೋಲ್‌ನ ಆಯ್ಕೆ, ಬಂಕ್‌ನಲ್ಲಿ ಸ್ಪಷ್ಟ ಲೇಬಲ್ ಬೇಕೆಂದು ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಕಬ್ಬು ಬೆಳೆಗಾರರಿಗೆ ಲಾಭ ಅನ್ನೋದು ಅಲ್ಲಿ ಸರ್ಕಾರದ ವಾದಗಳಲ್ಲಿ ಒಂದು.

ಅದಾಗಿ ಎರಡು ತಿಂಗಳಿಗೇ ಬೆಳಗಾವಿಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್‌ಗೆ ₹3,500 ಕೊಡಿ ಅಂತ ರಸ್ತೆಯಲ್ಲಿ ಕೂತಿದ್ದರು. ಕೊನೆಗೆ ಸಿಕ್ಕಿದ್ದು ₹3,300.