ಡಿಕ್ಕಿಯ ಲೆಕ್ಕಕ್ಕೆ ಎಷ್ಟು ಗಂಟೆ ಬೇಕು?

ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿದ ಮೇಲೆ ಮುಳುಗಿದ ಕಾಡಿನ ಬೊಡ್ಡೆಗಳು ಶರಾವತಿಯ ಹಿನ್ನೀರಿನಲ್ಲಿ ಬೇಸಿಗೆಯಲ್ಲಿ ಇಂದಿಗೂ ತಲೆಯೆತ್ತುತ್ತವೆ. ಹೊನ್ನೆಮರಡುವಿನ ಬಳಿ ಓಡಿಸಲು ಸಾಗರದ ವರ್ಕ್‌ಶಾಪೊಂದು ಉಕ್ಕಿನ ದೋಣಿ ತಯಾರಿಸುತ್ತದೆಂದು ಭಾವಿಸೋಣ. ಅದರ ಮೂತಿ ಬೊಡ್ಡೆಗೆ ಬಡಿದರೆ ಎಷ್ಟು ನಗ್ಗೀತು ಎಂಬುದನ್ನು ತಗಡು ಕತ್ತರಿಸುವ ಮೊದಲೇ ಗಣಕಯಂತ್ರದಲ್ಲಿ ತಿಳಿಯಬಹುದು. ಇದು ದೊಡ್ಡ ಮೋಟಾರು ಕಂಪೆನಿಗಳ ಕೆಲಸವೆಂದು ಸಣ್ಣ ಉದ್ದಿಮೆದಾರರು ಹಿಂಜರಿಯಬೇಕಿಲ್ಲ. 2022ರಲ್ಲಿ ಓಪನ್‌ರೇಡಿಯಾಸ್ ಎಂಬ ತಂತ್ರಾಂಶ ಮುಕ್ತವಾಗಿ ದೊರೆತ ಮೇಲೆ ಪರವಾನಗಿ ಶುಲ್ಕದ ಅಡ್ಡಿಯೂ ತಗ್ಗಿದೆ. ಉಳಿಯುವುದು ಎಂಜಿನಿಯರರ ಶುಲ್ಕ ಮತ್ತು ಯಂತ್ರದ ಸಮಯ.

ಸಮಯ ವ್ಯಯವಾಗುವ ಬಗೆ ಹೀಗೆ. ತಗಡನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ ಕ್ಷಣಕ್ಷಣದ ಸ್ಥಿತಿಯನ್ನು ಲೆಕ್ಕಹಾಕಲಾಗುತ್ತದೆ. ಉಕ್ಕಿನಲ್ಲಿ ಆಘಾತದ ಅಲೆ ಸೆಕೆಂಡಿಗೆ ಸುಮಾರು 5,000 ಮೀಟರ್ ಸಾಗುತ್ತದೆ. ಅದು ಒಂದು ಚೌಕ ದಾಟುವ ಅವಧಿಗಿಂತ ದೊಡ್ಡ ಹೆಜ್ಜೆಯನ್ನು ಲೆಕ್ಕ ಇಡಲಾಗದು. 5 ಮಿ.ಮೀ. ಚೌಕವಾದರೆ ಸೆಕೆಂಡಿನ ಹತ್ತರಲ್ಲೊಂದು ಭಾಗದ ಡಿಕ್ಕಿಗೆ ಸುಮಾರು 1 ಲಕ್ಷ ಹೆಜ್ಜೆ. ಚೌಕದ ಅಳತೆಯನ್ನು ಅರ್ಧಕ್ಕಿಳಿಸಿದರೆ ಚೌಕಗಳು ನಾಲ್ಕು ಪಟ್ಟು, ಹೆಜ್ಜೆಗಳು ಎರಡು ಪಟ್ಟು. 5 ಗಂಟೆಯ ಲೆಕ್ಕ 40 ಗಂಟೆಯಾಗುತ್ತದೆ. ಮೂಲೆಯಲ್ಲೊಂದು ಕಿರಿದಾದ ಚೌಕವಿದ್ದರೂ ಇಡೀ ದೋಣಿ ಅದರ ನಡಿಗೆಗೆ ಕಾಯಬೇಕು.

ಆದುದರಿಂದ ಮೂತಿಯನ್ನು ಮಾತ್ರ ಸೂಕ್ಷ್ಮವಾಗಿಯೂ ಹಿಂಭಾಗವನ್ನು ಬಾಗದ ಒಂದೇ ಭಾರವಾಗಿಯೂ ಪರಿಗಣಿಸಿದರೆ ಸಾಕು. ಬೊಡ್ಡೆಯೂ ಜಗ್ಗದ ವಸ್ತುವೇ ಆಗಲಿ. ತಪ್ಪಿದರೂ ಎಚ್ಚರಿಕೆಯ ಕಡೆಗೇ ತಪ್ಪುತ್ತದೆ. ನೇರ ಡಿಕ್ಕಿಗೆ ಅರ್ಧ ದೋಣಿಯ ಲೆಕ್ಕ ಸಾಲುತ್ತದೆ, ಓರೆ ಡಿಕ್ಕಿಗೆ ಸಲ್ಲದು. ಲೆಕ್ಕಪರಿಶೋಧನೆಯಲ್ಲಿಯೂ ದೊಡ್ಡ ಬಾಬತ್ತುಗಳನ್ನು ಪೂರ್ತಿ ನೋಡಿ, ಸಣ್ಣ ವೋಚರುಗಳನ್ನು ಆಯ್ದು ನೋಡುವುದು ರೂಢಿಯಷ್ಟೆ.

ಅಪಾಯವಿರುವುದು ಬೇರೊಂದು ಉಪಾಯದಲ್ಲಿ. ಹೆಜ್ಜೆ ದೊಡ್ಡದಾಗಲೆಂದು ಕಿರಿದಾದ ಚೌಕಗಳಿಗೆ ಕೃತಕ ತೂಕ ಸೇರಿಸುವುದುಂಟು. ಮಿತಿ ಮೀರಿದರೆ ಇದು ವರ್ಷಾಂತ್ಯದ ದಾಸ್ತಾನನ್ನು ಉಬ್ಬಿಸಿ ಬರೆದಂತೆ: ಇಲ್ಲದ ತೂಕವೂ ಬೊಡ್ಡೆಗೆ ಬಡಿಯುತ್ತದೆ. ಆದಕಾರಣ ಸೇರಿಸಿದ ತೂಕವೆಷ್ಟೆಂದು ವರದಿಯಲ್ಲಿ ಕೇಳಿ ಪಡೆಯಬೇಕು. ಜೊತೆಗೆ ಶಕ್ತಿಯ ತಾಳೆಪಟ್ಟಿಯನ್ನೂ. 500 ಕೆ.ಜಿ. ದೋಣಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ತರುವ ಶಕ್ತಿ 4,000 ಜೂಲ್. ತಗಡು ನಗ್ಗಲು, ಘರ್ಷಣೆಗೆ, ಉಳಿದ ಚಲನೆಗೆ ಹೋದುದೆಲ್ಲ ಕೂಡಿ ಅಷ್ಟಾಗದಿದ್ದರೆ, ಬಣ್ಣದ ಚಿತ್ರಗಳೆಷ್ಟೇ ಸೊಗಸಾಗಿದ್ದರೂ ವರದಿಯನ್ನು ಹಿಂದಿರುಗಿಸುವುದೇ ಸರಿ.

ಖಾತರಿಗೆ ವರ್ಕ್‌ಶಾಪಿನ ಅಂಗಳವೇ ಸಾಕು. 100 ಕೆ.ಜಿ. ಭಾರವನ್ನು 4 ಮೀಟರ್ ಎತ್ತರದಿಂದ ಮೂತಿಯ ಒಂದು ತುಂಡಿನ ಮೇಲೆ ಕೆಡವಿದರೆ ಸುಮಾರು 3,900 ಜೂಲ್. ಅದೇ ಏಟನ್ನು ಗಣಕಯಂತ್ರದಲ್ಲಿಯೂ ಹಾಕಿಸಿ, ಎರಡು ನಗ್ಗುಗಳ ಆಳವನ್ನು ಹೋಲಿಸಿ ನೋಡಿದ ಮೇಲೆ ಶುಲ್ಕದ ಕೊನೆಯ ಕಂತು ಪಾವತಿಯಾಗತಕ್ಕದ್ದು ಎಂದು ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಲೇಸು.